ಗೊತ್ತಿಲ್ಲ ಎಂಬುದನ್ನೂ ಬರೆದಿಡಿ

ಪರನಾಡಿನಲ್ಲಿ ವೃತ್ತಿ ನಡೆಸುವ ಕನ್ನಡದ ಮನೋವೈದ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರು, ಮೈಸೂರು, ಧಾರವಾಡ, ಮಣಿಪಾಲಗಳಲ್ಲಿ ಮನೋವೈದ್ಯಶಾಸ್ತ್ರ ಓದಿ ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಕೊಲ್ಲಿ ದೇಶಗಳಿಗೋ ಹೊರಟು ನಿಂತವರು ನಿಮ್ಮಲ್ಲಿ ಹಲವರಿದ್ದೀರಿ. ಕೆಲವರು ಆಗಲೇ ಅಲ್ಲಿ ನೆಲೆಯೂರಿ ದೊಡ್ಡ ಹುದ್ದೆಗಳಲ್ಲಿದ್ದೀರಿ. ಇನ್ನು ಕೆಲವರು ದೇಶದೊಳಗೇ ಮಾತು, ಊಟ, ದೇವರು ಎಲ್ಲ ಬೇರೆಯಾದ ಊರುಗಳಲ್ಲಿ ಕೆಲಸ ಮಾಡುತ್ತಿದ್ದೀರಿ. ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ವೈದ್ಯಳಲ್ಲ. ಯಜಮಾನರ ಬ್ಯಾಂಕ್ ನೌಕರಿಯ ವರ್ಗಾವಣೆ ನನ್ನನ್ನು ಕೋಲ್ಕತ್ತಾಕ್ಕೆ ತಂದಿತು. ಅವರ ನಿವೃತ್ತಿಯಾದ ಮೇಲೂ ಲೇಕ್ ಮಾರ್ಕೆಟ್ ಕಡೆಯ ಮನೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಬಂಗಾಳಿ ಚೆನ್ನಾಗಿ ಬರುತ್ತದೆ ಎಂದು ಗೊತ್ತಾದದ್ದೇ ತಡ, ಇಲ್ಲಿನ ಕನ್ನಡದವರು ಆಸ್ಪತ್ರೆಗೆ ಹೋಗುವಾಗ ನನ್ನನ್ನು ಜೊತೆಗೆ ಕರೆಯತೊಡಗಿದರು. ಮೊದಮೊದಲು ಹೆರಿಗೆ, ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ. ಆಮೇಲೆ, ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂಬ ಕೋರಿಕೆಯೊಂದಿಗೆ, ಮನಸ್ಸಿನ ಕಾಯಿಲೆ. ವೈದ್ಯರಿಗೂ ರೋಗಿಗೂ ನಡುವೆ ಹಾಕಿದ ಕುರ್ಚಿಯಲ್ಲಿ ಕೂತು ಕಂಡದ್ದು ಬಹಳ. ಆ ಕುರ್ಚಿಯ ಹಕ್ಕಿನಿಂದ ನಿಮ್ಮ ಮುಂದೆ ಕೆಲವು ಮಾತು ಇಡುತ್ತೇನೆ.

ಹೃದಯದ ವೈದ್ಯರಿಗೆ ಇಸಿಜಿ ಇದೆ, ಮೂಳೆ ವೈದ್ಯರಿಗೆ ಎಕ್ಸ್-ರೇ ಇದೆ. ನಿಮ್ಮ ಕೈಯಲ್ಲಿರುವುದು ಬಹುಪಾಲು ರೋಗಿಯ ಮಾತು, ಮುಖ, ಮನೆಯವರ ಹೇಳಿಕೆ. ಪರನಾಡಿನಲ್ಲಿ ಈ ಮೂರೂ ನಿಮಗೆ ಅರೆಬರೆಯಾಗಿ ಸಿಗುತ್ತವೆ. ಆದರೆ ನಿಮ್ಮ ಅಧಿಕಾರಕ್ಕೆ ಏನೂ ಕುಂದು ಬರುವುದಿಲ್ಲ. ಒಬ್ಬರನ್ನು ವಾರ್ಡಿನಲ್ಲಿ ಇರಿಸಿಕೊಳ್ಳುವುದು, ಇಂಜೆಕ್ಷನ್ ಕೊಡುವುದು, ಬಾಳಿಡೀ ಹಿಂಬಾಲಿಸುವ ಕಾಯಿಲೆಯ ಹೆಸರು ಬರೆಯುವುದು, ಎಲ್ಲ ನಿಮ್ಮ ಪೆನ್ನಿನಲ್ಲೇ ಇರುತ್ತದೆ. ತಿಳಿವಳಿಕೆ ಅರ್ಧ, ಅಧಿಕಾರ ಪೂರ್ತಿ. ನಿಮ್ಮ ವೃತ್ತಿಯ ನೀತಿಯ ಪ್ರಶ್ನೆ ಇಲ್ಲೇ ಹುಟ್ಟುತ್ತದೆ ಎಂದು ನನಗನ್ನಿಸಿದೆ.

ಇದನ್ನು ಹೇಳಲು ಕೋಲ್ಕತ್ತಾ ತಕ್ಕ ಊರು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬುದ್ಧಿ ಕದಡಿದ ಬಿಳಿಯರಿಗೆ ಭವಾನಿಪುರದಲ್ಲಿ ಒಂದು ಹುಚ್ಚಾಸ್ಪತ್ರೆಯಿತ್ತು, ಇಲ್ಲಿನವರಿಗೆ ಬೇರೆಯದು. ಬಿಳಿಯರಲ್ಲಿ ಬೇಗ ಗುಣವಾಗದವರನ್ನು ಹಡಗು ಹತ್ತಿಸಿ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಪೆಂಬ್ರೋಕ್ ಹೌಸಿಗೆ ಕಳಿಸುತ್ತಿದ್ದರು. ಆಳುವ ಜನಾಂಗದ ಮರ್ಯಾದೆ ಉಳಿಸುವ ಲೆಕ್ಕಾಚಾರವೂ ಅದರಲ್ಲಿತ್ತು, ಕದಡಿದ ಮನಸ್ಸಿಗೆ ತನ್ನ ಊರಿನ ಹವೆ, ತನ್ನವರ ನಡುವಿನ ಬದುಕು ಬೇಕು ಎಂಬ ನಂಬಿಕೆಯೂ ಇತ್ತು. ಆ ಸೌಲಭ್ಯ ಮಾತ್ರ ಒಂದೇ ಬಣ್ಣದವರಿಗೆ.

1922ರಲ್ಲಿ ಗಿರೀಂದ್ರಶೇಖರ ಬೋಸರು ಇದೇ ಊರಿನ 14, ಪಾರ್ಸಿಬಾಗಾನ್ ಲೇನಿನ ತಮ್ಮ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಅದರ ಸದಸ್ಯರಲ್ಲಿ ಓವೆನ್ ಬರ್ಕ್‌ಲಿ-ಹಿಲ್ ಮತ್ತು ಸಿ.ಡಿ. ಡಾಲಿ ಎಂಬ ಬ್ರಿಟಿಷ್ ಅಧಿಕಾರಿಗಳೂ ಇದ್ದರು. ಬರ್ಕ್‌ಲಿ-ಹಿಲ್ ರಾಂಚಿಯ ಯುರೋಪಿಯನ್ ಆಸ್ಪತ್ರೆಯ ಮುಖ್ಯಸ್ಥ, ಮಲಬಾರಿನ ಹೆಣ್ಣನ್ನು ಮದುವೆಯಾದವರು. ಹಾಗಿದ್ದೂ 1921ರ ಪ್ರಬಂಧದಲ್ಲಿ ಹಿಂದೂಗಳ ಧರ್ಮ, ತತ್ತ್ವ, ಸ್ವಭಾವ ಎಲ್ಲಕ್ಕೂ ಎಳೆತನದ ಮಲವಿಸರ್ಜನೆಯ ಸುಖದಲ್ಲಿ ಮೂಲ ಹುಡುಕಿದರು. ಡಾಲಿ 1930ರಲ್ಲಿ ಕ್ರಾಂತಿಕಾರಿಗಳ ಮನಸ್ಸಿನ ಮೇಲೆ ಬರೆದರು; ಬಂಗಾಳದ ಹುಡುಗರ ಸ್ವಾತಂತ್ರ್ಯದ ಹಂಬಲ ಆ ಬರಹದಲ್ಲಿ ಒಂದು ಮನೋವಿಕಾರವಾಯಿತು. ಬೋಸರು ಹಿಡಿದ ದಾರಿ ಬೇರೆ. ಅವರು ಫ್ರಾಯ್ಡರನ್ನು ಗುರುವೆಂದು ಗೌರವಿಸಿದರು, ಅವರೊಡನೆ ಪತ್ರ ವ್ಯವಹಾರ ನಡೆಸಿದರು. ಆದರೆ ಯುರೋಪಿನ ರೋಗಿಗಳಲ್ಲಿ ಕಂಡದ್ದೆಲ್ಲ ತಮ್ಮ ಭಾರತೀಯ ರೋಗಿಗಳಲ್ಲಿ ಅದೇ ರೀತಿ ಕಾಣುತ್ತಿಲ್ಲ ಎಂದು 1929ರಲ್ಲಿ ಫ್ರಾಯ್ಡರಿಗೇ ಬರೆದು ತಿಳಿಸಿದರು. 1933ರಲ್ಲಿ ಇಂದಿನ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಮನೋರೋಗದ ಹೊರರೋಗಿ ವಿಭಾಗ ತೆರೆದರು. 1940ರಲ್ಲಿ ಅವರ ಸಂಘ ತಿಲ್ಜಲಾದಲ್ಲಿ ಲುಂಬಿನಿ ಪಾರ್ಕ್ ಆಸ್ಪತ್ರೆ ಆರಂಭಿಸಿತು.

ಮೂವರೂ ಓದಿದ್ದು ಒಂದೇ ಶಾಸ್ತ್ರ, ಸೇರಿದ್ದು ಒಂದೇ ಸಂಘಕ್ಕೆ. ಇಬ್ಬರು ಮೊದಲೇ ತೀರ್ಮಾನಿಸಿಕೊಂಡಿದ್ದಕ್ಕೆ ಶಾಸ್ತ್ರದ ಬೆಂಬಲ ತಂದರು, ಒಬ್ಬರು ರೋಗಿಯ ಮುಂದೆ ಶಾಸ್ತ್ರವನ್ನು ನಿಲ್ಲಿಸಿ ಪರೀಕ್ಷಿಸಿದರು. ನಾಡಿನ ಪರಿಚಯವಿದ್ದರೆ, ಆ ನಾಡಿನವರ ಜೊತೆ ಸಂಸಾರ ಮಾಡಿದರೆ ಸಾಕು ಎನ್ನುವಂತಿಲ್ಲ ಎಂಬುದಕ್ಕೆ ಬರ್ಕ್‌ಲಿ-ಹಿಲ್ ಸಾಕ್ಷಿ. ನೀವು ಯಾವ ಊರಿಗೆ ಹೋದರೂ ಈ ಎರಡು ದಾರಿಗಳೂ ನಿಮ್ಮ ಮುಂದೆ ತೆರೆದಿರುತ್ತವೆ.

ಇನ್ನು ನಾನು ಕಂಡದ್ದು. ಯಾರ ಗುರುತೂ ಸಿಗದಂತೆ ವಿವರ ಬದಲಿಸಿದ್ದೇನೆ.

ಹಾವೇರಿ ಕಡೆಯ ಒಬ್ಬ ತಾಯಿ. ಯಜಮಾನರು ತೀರಿಕೊಂಡ ಮೇಲೆ ಮಗ ಅವರನ್ನು ಕೋಲ್ಕತ್ತಾದ ನ್ಯೂಟೌನಿನ ತನ್ನ ಫ್ಲ್ಯಾಟಿಗೆ ಕರೆದುಕೊಂಡು ಬಂದಿದ್ದ. ಅವರು ನಿದ್ದೆ ಬಿಟ್ಟರು, ಸೊರಗಿದರು, ರಾತ್ರಿ ಒಬ್ಬರೇ ಮಾತಾಡತೊಡಗಿದರು. ಆಸ್ಪತ್ರೆಯಲ್ಲಿ ವೈದ್ಯರು ಹಿಂದಿಯಲ್ಲಿ ಕೇಳಿದರು, ಮಗನೇ ಉತ್ತರ ಕೊಟ್ಟ. ದನಿ ಕೇಳಿಸುತ್ತದೆಯೇ? ಹೌದು. ಯಾರದು? ಅಪ್ಪನದು. ಆ ತಾಯಿಯನ್ನು ಯಾರೂ ಏನೂ ಕೇಳಲಿಲ್ಲ. ವಾರ್ಡಿಗೆ ಸೇರಿಸಿಕೊಂಡರು. ಮರುದಿನದ ಕೇಸ್ ಶೀಟಿನಲ್ಲಿ ಇನ್ನೂ ಎರಡು ಸಾಲು ಸೇರಿದವು: ಊಟ ನಿರಾಕರಣೆ, ಸಿಬ್ಬಂದಿಯ ಮೇಲೆ ಸಂಶಯ.

ನನ್ನನ್ನು ಕರೆಸಿದ್ದು ಆಗ. ಆ ತಾಯಿಯ ಕೈ ಪದೇಪದೇ ಬರಿಗೊರಳಿನ ಕಡೆಗೆ ಹೋಗುತ್ತಿತ್ತು. ಕೇಳಿದಾಗ ತಿಳಿಯಿತು: ರಾತ್ರಿ ವಾರ್ಡಿಗೆ ಬಂದ ಕೂಡಲೇ ಶಿವದಾರವನ್ನೂ ಬೆಳ್ಳಿಯ ಕರಡಿಗೆಯನ್ನೂ ತೆಗೆಸಿದ್ದರು. ಕೊರಳಲ್ಲಿ ದಾರವೆಂಬುದೇ ಇರಬಾರದು, ರೋಗಿ ಅದರಿಂದ ತನ್ನ ಜೀವಕ್ಕೆ ಅಪಾಯ ಮಾಡಿಕೊಂಡಾರು ಎಂಬುದು ಅಲ್ಲಿನ ನಿಯಮ. ನಿಯಮ ಸರಿಯಾದದ್ದೇ. ಆದರೆ ಕರಡಿಗೆಯೊಳಗೆ ಇಷ್ಟಲಿಂಗವಿತ್ತು. ಲಿಂಗಪೂಜೆಯಾಗದೆ ಬಾಯಿಗೆ ತುತ್ತಿಡದ ಹೆಂಗಸು ಅವರು. ಅದನ್ನು ಯಾರು ಒಯ್ದರು, ಎಲ್ಲಿಟ್ಟರು ಎಂಬುದು ಅವರಿಗೆ ಗೊತ್ತಿರಲಿಲ್ಲ. ಹತ್ತಿರ ಬಂದವರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದರು. ರಾತ್ರಿಯ ಮಾತಿನ ಬಗ್ಗೆ ಕೇಳಿದೆ. ‘ಅವರ ಜೋಡಿ ಮಾತಾಡ್ತೀನ್ರೀ. ಅವರೇನು ತಿರುಗಿ ಮಾತಾಡಂಗಿಲ್ಲ. ಇಲ್ಲಿ ಮತ್ತ ಯಾರ ಜೋಡಿ ಮಾತಾಡ್ಲಿ?’ ಎಂದರು.

ದಾರಿ ಹುಡುಕಿದವರು ವಾರ್ಡಿನ ಮಲಯಾಳಿ ಸಿಸ್ಟರ್. ಬೆಳಿಗ್ಗೆ ಸ್ನಾನವಾದ ಮೇಲೆ ತಾನೇ ಎದುರು ಕೂತು, ದಾರವಿಲ್ಲದೆ ಲಿಂಗವನ್ನಷ್ಟೇ ಬಿಳಿ ಬಟ್ಟೆಯಲ್ಲಿಟ್ಟು ಆ ತಾಯಿಯ ಅಂಗೈಗೆ ಕೊಟ್ಟರು. ಪೂಜೆ ಮುಗಿದ ಮೇಲೆ ಅವರು ಎರಡು ಇಡ್ಲಿ ತಿಂದರು. ಕಿರಿಯ ವೈದ್ಯರೊಬ್ಬರು ಕೇಸ್ ಶೀಟಿನ ಹಳೆಯ ಸಾಲುಗಳ ಕೆಳಗೆ ಕಾರಣ ಸಹಿತ ಹೊಸ ಟಿಪ್ಪಣಿ ಬರೆದರು. ಇಷ್ಟಾದರೂ ಅವರಿಗೆ ಕಾಯಿಲೆ ಇರಲಿಲ್ಲ ಎಂದಲ್ಲ. ತೀವ್ರ ಖಿನ್ನತೆ ಇತ್ತು, ಮಾತ್ರೆ ಬೇಕಿತ್ತು, ಮಾತ್ರೆಯಿಂದಲೇ ನಿದ್ದೆ ಮರಳಿತು. ಸರಿಯಾದ ಕಾಯಿಲೆಗೆ ಸರಿಯಾದ ಔಷಧ ಸಿಗಲು ಅವರನ್ನೇ ಮಾತಾಡಿಸಬೇಕಾಯಿತು, ಅಷ್ಟೇ.

ಆದ್ದರಿಂದ ನನ್ನ ಮೊದಲ ಕೋರಿಕೆ ದುಭಾಷಿಯ ಬಗ್ಗೆ. ಮಗ, ಸೊಸೆ, ಗಂಡ, ಅದರಲ್ಲೂ ಸಣ್ಣ ಮಕ್ಕಳನ್ನು ಆ ಕೆಲಸಕ್ಕೆ ಕೂರಿಸಬೇಡಿ. ಎಷ್ಟೋ ಸಲ ನೋವಿನ ಬೇರು ಅದೇ ಮನೆಯಲ್ಲಿರುತ್ತದೆ. ಗಂಡ ಹೊಡೆಯುತ್ತಾನೆ ಎಂಬುದನ್ನು ಗಂಡನ ಬಾಯಿಂದ ನೀವು ಕೇಳಲಾರಿರಿ. ಮನೆಯವರ ಮಾತು ಬೇಕು, ಆದರೆ ರೋಗಿಯ ಮಾತಿನ ಬದಲಿಗಲ್ಲ. ಮಾತು ದಾಟಿಸುವವರು ಬಂದಾಗ ನಿಮ್ಮ ಕಣ್ಣು ರೋಗಿಯ ಮೇಲಿರಲಿ. ಹೇಳಿದ್ದನ್ನು ತಿದ್ದಿ ತೀಡದೆ ಹಾಗೇ ಹೇಳಿ ಎಂದು ಮೊದಲೇ ತಿಳಿಸಿ. ಏಕೆಂದರೆ ನಮ್ಮಂಥವರಿಗೆ ಹರಕುಮುರುಕು ಮಾತನ್ನು ಸರಿಪಡಿಸಿ ಹೇಳುವ ಚಾಳಿ ಇರುತ್ತದೆ. ನೀವು ಹುಡುಕುತ್ತಿರುವ ಲಕ್ಷಣ ಆ ಹರಕುಮುರುಕಿನಲ್ಲೇ ಇರಬಹುದು. ಗಾದೆಯ ಅರ್ಥ ಕೇಳಿ ಬುದ್ಧಿಯ ಆಳ ನೋಡುವುದು ನಿಮ್ಮ ಪರೀಕ್ಷೆಯ ಭಾಗವೆಂದು ಬಲ್ಲೆ. ದಯವಿಟ್ಟು ಹಾವೇರಿಯ ಅಜ್ಜಿಗೆ ಹಿಂದಿಯ ಗಾದೆ ಕೇಳಿ ಅಂಕ ಕಳೆಯಬೇಡಿ.

ದುಭಾಷಿಯಿಂದಲೂ ಅಪಾಯವಿದೆ, ಅದನ್ನು ನಾನೇ ಹೇಳಬೇಕು. ಪರ ಊರಿನಲ್ಲಿ ನಮ್ಮವರು ಬೆರಳೆಣಿಕೆಯಷ್ಟು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕೂರಬೇಕಾದ ಹೆಣ್ಣುಮಗಳು ನನ್ನ ಮುಂದೆ ಗರ್ಭಪಾತದ ವಿಷಯವನ್ನೋ ಸಾಯಬೇಕೆನಿಸಿದ್ದನ್ನೋ ಹೇಗೆ ಹೇಳಿಯಾಳು? ಅವಳ ಒಪ್ಪಿಗೆ ಇಲ್ಲದೆ ನನ್ನನ್ನು ಒಳಗೆ ಕರೆಯಬೇಡಿ. ಬೇರೆ ಊರಿನವರು ಫೋನಿನಲ್ಲಿ ಮಾತು ದಾಟಿಸಲಿ ಎಂದರೆ ಹಾಗೇ ಆಗಲಿ. ದೇಶದೊಳಗೆ ಇರುವವರಿಗೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಕರೆ ಮಾಡಿದವರು ತಮ್ಮ ಭಾಷೆ ಆರಿಸಿಕೊಳ್ಳಬಹುದು. ಈ ನಂಬರನ್ನು ನಿಮ್ಮ ಕೋಣೆಯ ಹೊರಗೆ ಅಂಟಿಸಿ. ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಸರಳ ಮಾತಿನಲ್ಲಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೇ ಹೇಳುತ್ತದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಕಾನೂನು ಇದು. ಪಾಲಿಸಿದರೆ ಯಾರಿಗೂ ಉಪಕಾರ ಮಾಡಿದಂತಲ್ಲ.

ಎರಡನೆಯ ಕೋರಿಕೆ ಇದರ ಇನ್ನೊಂದು ಮಗ್ಗುಲು. ಸಂಸ್ಕೃತಿಯನ್ನು ಗೌರವಿಸುವ ಭರದಲ್ಲಿ ಕಾಯಿಲೆಯನ್ನು ಕೈಬಿಡಬೇಡಿ.

ಉಡುಪಿ ಕಡೆಯಿಂದ ಬಂದು ಇಲ್ಲಿನ ಸಾಲ್ಟ್ ಲೇಕಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ನಿದ್ದೆ ಬಿಟ್ಟು, ತನ್ನ ಮೇಲೆ ದೈವ ಬಂದಿದೆ ಎನ್ನುತ್ತ, ಸಾಲ ತಂದು ಕಂಡಕಂಡವರಿಗೆ ದುಡ್ಡು ಹಂಚತೊಡಗಿದ. ದೈವ ಬಂದಿದೆ ಎಂಬುದನ್ನು ತಂದೆತಾಯಿ ನಂಬಿದರು. ವೈದ್ಯರು ಬಂಗಾಳಿ, ಒಳ್ಳೆಯವರು. ನಿಮ್ಮ ಸಂಪ್ರದಾಯದ ವಿಷಯದಲ್ಲಿ ನಾನು ತಲೆ ಹಾಕಲಾರೆ ಎಂದು ಸುಮ್ಮನೆ ಕಾದರು. ಹುಡುಗನ ನೌಕರಿ ಹೋಯಿತು. ಕೊನೆಗೆ ಊರಿನಿಂದ ಅಜ್ಜಿ ಫೋನಿನಲ್ಲಿ ವಿಷಯ ಕೇಳಿ ಹುಡುಗನ ತಂದೆಗೆ ಹೇಳಿದರಂತೆ: ‘ದೈವ ಬಂದ್ರೆ ಅದಕ್ಕೆ ಹೊತ್ತು ಗೊತ್ತು ಉಂಟು, ಜಾಗ ಉಂಟು. ಹದಿನೈದು ದಿವಸ ಹೀಗೆ ಯಾವ ದೈವವೂ ಕೂತುಕೊಳ್ಳುದಿಲ್ಲ. ಇದು ಸೌಖ್ಯ ಇಲ್ಲದ್ದು, ಡಾಕ್ಟ್ರಿಗೆ ತೋರಿಸಿ.’ ಅದು ಉನ್ಮಾದವಾಗಿತ್ತು. ಲಿಥಿಯಂ ಶುರುವಾಯಿತು.

ಆ ಅಜ್ಜಿಯ ಮಾತು ಪುಸ್ತಕಕ್ಕೆ ಹೊರತಾದದ್ದೇನಲ್ಲ. ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಮ್ಮ ಕರಾವಳಿಯ ಕೋಟದಲ್ಲಿ ಬ್ರಾಹ್ಮಣರು, ಬಂಟರು, ಮೊಗೇರರ ನಡುವೆ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಕಪೂರರು ಅಲ್ಲಿನ ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿಗಳ ಬಗ್ಗೆ ಬೇರೆಯಾಗಿಯೂ ಬರೆದರು. ಜನ ಪಾತ್ರಿಯ ಹತ್ತಿರವೂ ಹೋಗುತ್ತಿದ್ದರು, ಡಾಕ್ಟರ ಹತ್ತಿರವೂ ಹೋಗುತ್ತಿದ್ದರು, ಅವರಿಗೆ ಎರಡರಲ್ಲಿ ವಿರೋಧ ಕಾಣಲಿಲ್ಲ. ಪಾತ್ರಿಗೆ ಕಾಯಿಲೆಯ ಹೆಸರು ಹಚ್ಚದೆ, ಕಾಯಿಲೆಯವರನ್ನು ಪಾತ್ರಿಗೆ ಒಪ್ಪಿಸಿ ಕೈತೊಳೆದುಕೊಳ್ಳದೆ ಮಾಡಿದ ಕೆಲಸ ಅದು. ಯಾವುದು ರೂಢಿ, ಯಾವುದು ರೋಗ ಎಂಬ ಸಂದೇಹ ಬಂದಾಗ ಅದೇ ಜಾತಿ, ಅದೇ ಊರಿನ ಹಿರಿಯರನ್ನು ಕೇಳಿ. ತಮ್ಮವರಲ್ಲಿ ಏನು ಅತಿಯಾಯಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಕಟ್ಟಿಹಾಕುವುದು, ಉಪವಾಸ ಕೆಡವುವುದು, ಹೊಡೆದು ದೆವ್ವ ಬಿಡಿಸುವುದು ಯಾರ ಸಂಪ್ರದಾಯವಾಗಿದ್ದರೂ ಅಲ್ಲಿ ನಿಮ್ಮ ಸಂಕೋಚಕ್ಕೆ ಜಾಗವಿಲ್ಲ.

ಮೂರನೆಯದು, ನಮ್ಮ ಪರವಾಗಿ ಪ್ರಮಾಣಪತ್ರ ಕೊಡಬೇಡಿ. ಲಂಡನ್ನಿನ ಆಸ್ಪತ್ರೆಯಲ್ಲಿ ಸಹೋದ್ಯೋಗಿಗಳು ‘ನಿಮ್ಮ ಕಡೆ ಇದು ಸಹಜವೇ?’ ಎಂದು ಕೇಳುತ್ತಾರೆ. ಜಯನಗರದಲ್ಲಿ ಬೆಳೆದವರಿಗೆ ಯಾದಗಿರಿಯ ತಾಂಡಾದ ಹೆಣ್ಣುಮಗಳ ಬದುಕು ಎಷ್ಟು ಗೊತ್ತು? ಮಂಗಳೂರಿನ ಬ್ಯಾರಿ ಮನೆಯ ಶೋಕ ಹೇಗಿರುತ್ತದೆ ಎಂದು ಮೈಸೂರಿನ ಅಗ್ರಹಾರದವರು ಹೇಳಬಲ್ಲರೇ? ಒಂದೇ ರಾಜ್ಯ, ಒಂದೇ ಭಾಷೆ ಎಂದ ಮಾತ್ರಕ್ಕೆ ಜಾತಿ, ದುಡ್ಡು, ಓದು ಹಾಕಿದ ಅಂತರ ಕರಗುವುದಿಲ್ಲ. ಅಂಥ ಹೊತ್ತಿನಲ್ಲಿ ‘ನನಗೆ ಗೊತ್ತಿಲ್ಲ, ಕೇಳಿ ತಿಳಿಯೋಣ’ ಎನ್ನುವುದೇ ಪ್ರಾಮಾಣಿಕತೆ. ಅಮೆರಿಕದ ಮನೋರೋಗ ಕೈಪಿಡಿ ಡಿಎಸ್ಎಂ-5, 2013ರಲ್ಲಿ ಇದಕ್ಕಾಗಿಯೇ 16 ಪ್ರಶ್ನೆಗಳ ಒಂದು ಸಂದರ್ಶನ ಕೊಟ್ಟಿದೆ. ನಿಮ್ಮ ತೊಂದರೆಯನ್ನು ನಿಮ್ಮವರಿಗೆ ಹೇಗೆ ವಿವರಿಸುತ್ತೀರಿ ಎಂಬಂಥ ಪ್ರಶ್ನೆಗಳಿಂದ ಶುರುವಾಗಿ, ವೈದ್ಯರ ಹಿನ್ನೆಲೆ ಬೇರೆ ಎಂಬ ಆತಂಕ ನಿಮಗಿದೆಯೇ ಎಂಬಲ್ಲಿಗೆ ಅದು ಮುಗಿಯುತ್ತದೆ. ಆ ಕೊನೆಯ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ.

ರೋಗಿಯನ್ನು ಕೇಳುವಾಗಲೂ, ದನಿ ಕೇಳಿಸುತ್ತದೆಯೇ ಎಂದಷ್ಟೇ ಕೇಳಿ ನಿಲ್ಲಿಸಬೇಡಿ. ಯಾರ ದನಿ, ಏನು ಹೇಳುತ್ತದೆ ಎಂದೂ ಕೇಳಿ. ಮಾನವಶಾಸ್ತ್ರಜ್ಞೆ ತಾನ್ಯಾ ಲುಹ್ರ್‌ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ, ಘಾನಾದ ಅಕ್ರಾ, ನಮ್ಮ ಚೆನ್ನೈಗಳಲ್ಲಿ ತಲಾ 20 ರೋಗಿಗಳನ್ನು ಹೀಗೆ ಕೇಳಿದರು. ಅಮೆರಿಕದವರಿಗೆ ಆ ದನಿಗಳು ಹೆಚ್ಚಾಗಿ ಅಪರಿಚಿತ, ಹಿಂಸೆಯ ದನಿಗಳು. ಚೆನ್ನೈಯ ಅನೇಕರಿಗೆ ಅವು ಮನೆಯ ಹಿರಿಯರವು: ಬೈಯುತ್ತವೆ, ಸ್ನಾನ ಮಾಡು, ಮನೆಕೆಲಸ ಮಾಡು ಎನ್ನುತ್ತವೆ. ಕಾಯಿಲೆ ಎಲ್ಲರಿಗೂ ಇತ್ತು. ಆದರೆ ಅಂಥ ದನಿಯೊಂದಿಗೆ ಬಾಳುವ ದಾರಿ ಒಬ್ಬೊಬ್ಬರಿಗೆ ಒಂದೊಂದು.

ನಾಲ್ಕನೆಯದು ನಿಮ್ಮ ಸಹಿಯ ಬಗ್ಗೆ. ಪರನಾಡಿನಲ್ಲಿ ಒಬ್ಬರ ಮನಸ್ಸಿನ ಬಗ್ಗೆ ಬರೆದ ಕಾಗದ ಆಸ್ಪತ್ರೆಯಲ್ಲೇ ಉಳಿಯುವುದಿಲ್ಲ. ವೀಸಾ ಕಚೇರಿಗೆ, ಕಂಪನಿಗೆ, ಕೋರ್ಟಿಗೆ ಹೋಗುತ್ತದೆ. 2011ರಲ್ಲಿ ನಾರ್ವೆಯ ಸ್ಟವಂಗರಿನಲ್ಲಿ ಬಂಗಾಳಿ ದಂಪತಿಯ ಇಬ್ಬರು ಎಳೆಯ ಮಕ್ಕಳನ್ನು ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆ ತನ್ನ ವಶಕ್ಕೆ ತೆಗೆದುಕೊಂಡಿತು. ಕೈತುತ್ತು ತಿನ್ನಿಸಿದ್ದೂ ಪಕ್ಕದಲ್ಲಿ ಮಲಗಿಸಿಕೊಂಡದ್ದೂ ಆಕ್ಷೇಪಗಳಲ್ಲಿದ್ದವು ಎಂದು ತಂದೆತಾಯಿ ಹೇಳಿದರು. ಗೋಪ್ಯತೆಯ ಕಾರಣ ಕೊಟ್ಟು ಇಲಾಖೆ ವಿವರ ಕೊಡಲಿಲ್ಲ. ಆ ತಾಯಿಯ ಮಾನಸಿಕ ಸ್ಥಿತಿಯೂ ಚರ್ಚೆಗೆ ಬಂತು. ಭಾರತಕ್ಕೆ ಬಂದ ಮಕ್ಕಳು ತಾಯಿಯ ಮಡಿಲು ಸೇರಿದ್ದು 2013ರ ಜನವರಿಯಲ್ಲಿ, ಕಲ್ಕತ್ತಾ ಹೈಕೋರ್ಟಿನ ಆದೇಶದ ಮೇಲೆ. ಪರರ ಬಗ್ಗೆಯಷ್ಟೇ ಹೇಳಿದರೆ ಅನ್ಯಾಯವಾದೀತು. 1980ರಲ್ಲಿ ಡಾರ್ಜಿಲಿಂಗಿನಲ್ಲಿ ಬಂಧಿತನಾದ ನೇಪಾಳದ ಒಬ್ಬ ವ್ಯಕ್ತಿ, ಮಾನಸಿಕವಾಗಿ ವಿಚಾರಣೆ ಎದುರಿಸಲಾರ ಎಂಬ ಸ್ಥಿತಿಯಲ್ಲಿ, ಶಿಕ್ಷೆಯೇ ಆಗದೆ ನಾಲ್ಕು ದಶಕ ಬಂಗಾಳದ ಜೈಲುಗಳಲ್ಲಿ ಕಳೆದ. ಇಲ್ಲಿನ ಹ್ಯಾಮ್ ರೇಡಿಯೊ ಹವ್ಯಾಸಿಗಳು ಅವನ ಮನೆಯವರನ್ನು ಹುಡುಕಿದರು. 2021ರ ಮಾರ್ಚಿನಲ್ಲಿ ಹೈಕೋರ್ಟ್ ಬಿಡಿಸಿದಾಗ ಅವನು ಮುದುಕ. ಇನ್ನು ನಿಮ್ಮಲ್ಲಿ ಹಲವರು ಹೋಗುವ ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ಕಾನೂನಿನಡಿ ಬಲವಂತವಾಗಿ ಆಸ್ಪತ್ರೆ ಸೇರುವ ಸಂಭವ ಬಿಳಿಯರಿಗಿಂತ ಕಪ್ಪು ಜನಾಂಗದವರಿಗೆ ಮೂರು ನಾಲ್ಕು ಪಟ್ಟು ಹೆಚ್ಚು ಎಂದು ಅಲ್ಲಿನ ಸರ್ಕಾರಿ ಅಂಕಿಅಂಶವೇ ತೋರಿಸುತ್ತದೆ. ನೀವು ಅಲ್ಲಿ ಹೊರಗಿನವರು ಎಂಬುದರಿಂದ ಈ ಅಂಕಿಅಂಶದಲ್ಲಿ ನಿಮ್ಮ ಪಾಲು ಇಲ್ಲದಂತಾಗುವುದಿಲ್ಲ.

ಹೀಗಾಗಿ ಪತ್ರದ ಮುಖ್ಯ ಕೋರಿಕೆ ಇದು. ಕೇಸ್ ಶೀಟಿನಲ್ಲಿ ತಿಳಿದದ್ದನ್ನು ಬರೆಯುವಂತೆ ತಿಳಿಯದ್ದನ್ನೂ ಬರೆಯಿರಿ. ‘ರೋಗಿಯ ಭಾಷೆ ನನಗೆ ಬರುವುದಿಲ್ಲ. ಮಗನ ಮೂಲಕ ಕೇಳಿದ್ದೇನೆ. ಈ ಆಚರಣೆಯ ಅರ್ಥ ತಿಳಿದಿಲ್ಲ. ದುಭಾಷಿ ಬಂದ ಮೇಲೆ ಮತ್ತೆ ನೋಡಬೇಕು.’ ನಾಲ್ಕು ಸಾಲು ಸಾಕು. ಮುಂದಿನ ವೈದ್ಯರು ನಿಮ್ಮ ಅಂದಾಜನ್ನು ತೀರ್ಪೆಂದು ತಿಳಿಯುವುದು ತಪ್ಪುತ್ತದೆ. ಜೀವಕ್ಕೆ ಅಪಾಯವಿದ್ದರೆ ಆ ಕ್ಷಣವೇ ಚಿಕಿತ್ಸೆ ಮಾಡಿ, ಅದಕ್ಕೆ ಯಾರ ತಕರಾರೂ ಇಲ್ಲ. ಹಾಗಿಲ್ಲದಿದ್ದಾಗ ಬಾಳಿಡೀ ಅಂಟಿಕೊಳ್ಳುವ ಹೆಸರನ್ನು ಮೊದಲ ದಿನವೇ ಬರೆಯಬೇಡಿ.

ಕೊನೆಗೆ ಊರಿನ ನಂಟಿನ ಬಗ್ಗೆ ಒಂದು ಮಾತು. ನೀವು ಅಲ್ಲಿಂದ ಫೋನ್ ಮಾಡಿದಾಗ ಊರಿನ ಅತ್ತೆ, ದೊಡ್ಡಪ್ಪಂದಿರು ‘ನಮ್ಮ ಹುಡುಗಿಯನ್ನು ಸ್ವಲ್ಪ ನೋಡಿ ಹೇಳಪ್ಪ’ ಎಂದು ವಾಟ್ಸಾಪಿನಲ್ಲಿ ಕೂರಿಸುತ್ತಾರೆ. ದಯವಿಟ್ಟು ಅಷ್ಟರಲ್ಲೇ ಮಾತ್ರೆ ಬರೆಯಬೇಡಿ. ಆ ಹುಡುಗಿ ತಾನಾಗಿ ನಿಮ್ಮನ್ನು ಕೇಳಿಲ್ಲ. ಅವಳು ಹೇಳಿದ್ದು ಸಂಜೆಗೆ ನೆಂಟರಿಗೆಲ್ಲ ಗೊತ್ತಾಗುತ್ತದೆ. ಅವಳ ಊರಿನ ವೈದ್ಯರ ಬಳಿ ಕಳಿಸಿ, ಬೇಕಾದರೆ ಆ ವೈದ್ಯರೊಂದಿಗೆ ಮಾತಾಡಿ. ರಜೆಗೆ ಬಂದಾಗ ಶಿಬಿರ ನಡೆಸುವ ಆಸೆ ಒಳ್ಳೆಯದೇ, ಆದರೆ ನೀವು ವಿಮಾನ ಹತ್ತಿದ ಮೇಲೆ ಆ ರೋಗಿಗಳನ್ನು ನೋಡುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ನಮ್ಮದು. ಹೋದದ್ದಕ್ಕೆ ನಿಮ್ಮನ್ನು ದೂರುವುದಿಲ್ಲ. ಅಲ್ಲಿ ಕಲಿತದ್ದನ್ನು, ಅದರಲ್ಲೂ ದುಭಾಷಿಗಳಿಗೆ ತರಬೇತಿ ಕೊಟ್ಟು ಸಂಬಳ ಕೊಡುವ ಕ್ರಮವನ್ನು, ಇಲ್ಲಿನ ಆಸ್ಪತ್ರೆಗಳಿಗೂ ಕಲಿಸಿಕೊಡಿ. ಕೋಲ್ಕತ್ತಾದಲ್ಲಿ ಕನ್ನಡದ ರೋಗಿಗೂ, ಬೆಂಗಳೂರಿಗೆ ದುಡಿಯಲು ಬಂದ ಮಾಲ್ದಾ, ಮುರ್ಷಿದಾಬಾದಿನ ರೋಗಿಗೂ ಆ ಹಕ್ಕು ಸಮನಾಗಿ ಸಿಗಲಿ.

ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಇದೇ ಪತ್ರಿಕೆಗೆ ಬರೆಯಿರಿ. ನಾನು ಓದಿ ತಿಳಿದುಕೊಳ್ಳಲು ಸಿದ್ಧಳಿದ್ದೇನೆ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ಕೋಲ್ಕತ್ತಾದಲ್ಲಿ ನೆಲೆಸಿರುವ ಒಬ್ಬ ಕನ್ನಡತಿ